ಕಿವಿಯ ಮೊಗ್ಗು

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಕಿವಿಗೆ ಮಾತ್ರ ಬ್ರಹ್ಮ ಬಾಗಿಲನ್ನೇ ಇಡಲಿಲ್ಲ. ಹೀಗೆ ತೆರೆದಿಟ್ಟ ಮನೆಯಾದ್ದರಿಂದಲೇ ಇರಬೇಕು, ನಮ್ಮ ಕನ್ನಡದಲ್ಲಿ ಕಿವಿ ಪಡುವಷ್ಟು ಪಾಡನ್ನು ಬೇರೆ ಯಾವ ಅಂಗವೂ ಪಡುವುದಿಲ್ಲ. ಅದನ್ನು ಹಿಂಡುತ್ತೇವೆ, ಕಚ್ಚುತ್ತೇವೆ, ಚುಚ್ಚುತ್ತೇವೆ, ಊದುತ್ತೇವೆ. ಚಾಡಿ ನಂಬುವವನದು ಹಿತ್ತಾಳೆಯ ಕಿವಿ. ಯಾರನ್ನಾದರೂ ಮೋಸಗೊಳಿಸಬೇಕೆಂದರೆ ಅವನ ಕಿವಿಯ ಮೇಲೆ ಹೂವಿಡುತ್ತೇವೆ. ಈಗ ಇಂಗ್ಲಿಷಿನವರು 'ಇಯರ್‌ಬಡ್' ಎಂಬುದೊಂದನ್ನು ಕಳಿಸಿದ್ದಾರೆ. ಬಡ್ ಎಂದರೆ ಮೊಗ್ಗು. ಹೂವಿಡಲು ಇನ್ನೊಬ್ಬರು ಬೇಕಾಗುತ್ತಿತ್ತು. ಮೊಗ್ಗನ್ನು ನಾವೇ ಹಣಕೊಟ್ಟು ತಂದು, ನಮ್ಮ ಕೈಯಾರೆ ಇಟ್ಟುಕೊಳ್ಳುತ್ತೇವೆ. ಇಷ್ಟರಮಟ್ಟಿಗೆ ನಾವು ಸ್ವಾವಲಂಬಿಗಳಾಗಿದ್ದೇವೆ.

ವೈರಿಲ್ಲದ ಈ ಜೋಡಿ ಮೊಗ್ಗುಗಳನ್ನು ಮೊದಲೇ ಒಂದೆರಡು ಕಂಪನಿಗಳು ಮಾಡಿದ್ದರೂ, ಅವು ಮನೆಮಾತಾದದ್ದು 2016ರ ಡಿಸೆಂಬರಿನಲ್ಲಿ ಆ್ಯಪಲ್‌ನ ಏರ್‌ಪಾಡ್ಸ್ ಮಾರುಕಟ್ಟೆಗೆ ಬಂದ ಮೇಲೆ. ಇಂದು ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹತ್ತಿ ನೋಡಿ. ಕೂತವರು, ನಿಂತವರು, ಬಾಗಿಲಿಗೆ ಜೋತುಬಿದ್ದವರು, ಎಲ್ಲರ ಕಿವಿಯಲ್ಲೂ ಮೊಗ್ಗು. ನಾನು ನೌಕರಿಗೆಂದು ಮುಂಬಯಿಗೆ ಬಂದ 1979ರಲ್ಲಿ ಇದೇ ಡಬ್ಬಿಯಲ್ಲಿ ಒಂದು ಕಡೆ ಭಜನಾ ಮಂಡಳಿಯವರು ತಾಳ ಕುಟ್ಟುತ್ತಿದ್ದರು, ಇನ್ನೊಂದು ಕಡೆ ಬ್ರೀಫ್‌ಕೇಸಿನ ಮೇಲೆ ಇಸ್ಪೀಟು ನಡೆಯುತ್ತಿತ್ತು. ಬೇಕಿರಲಿ ಬೇಡವಾಗಿರಲಿ, ಎಲ್ಲರಿಗೂ ಎಲ್ಲವೂ ಕೇಳಿಸುತ್ತಿತ್ತು.

ಈ ಮೊಗ್ಗುಗಳ ವಿಷಯಕ್ಕೆ ನಾನು ಕೈಹಾಕಿದ್ದು ನನ್ನ ತಾಯಿಯ ನಿಮಿತ್ತ. ಆಕೆಗೆ ಈಗ 87 ವರ್ಷ. ಆಕಾಶವಾಣಿಯ ಕನ್ನಡ ಕೇಂದ್ರಗಳು ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಸಿಗುತ್ತವೆಂದು ಗೊತ್ತಾದಂದಿನಿಂದ ಮೊಬೈಲು ಆಕೆಯ ಕೈಬಿಟ್ಟಿಲ್ಲ. ಕಿವಿ ಸ್ವಲ್ಪ ಮಂದವಾದ್ದರಿಂದ ದನಿ ದೊಡ್ಡದಾಗಿರಬೇಕು. ನಮ್ಮದು ಎರಡು ಕೋಣೆಯ ಮನೆ. ಮಗ ಮನೆಯಿಂದಲೇ ಆಫೀಸಿನ ಮೀಟಿಂಗ್ ನಡೆಸುವವನು, ಎಂಟು ವರ್ಷದ ಮೊಮ್ಮಗಳಿಗೆ ಅಭ್ಯಾಸ. "ದೊಡ್ಡಜ್ಜಿಗೂ ಒಂದು ಜೋಡಿ ತಂದುಬಿಡೋಣ" ಎಂದ ಮಗ. ಯಾವುದನ್ನು ತರಬೇಕೆಂದು ತಿಳಿಯುವ ಸಲುವಾಗಿ ಮನೆಯಲ್ಲಿದ್ದ ಮೂರು ಜೋಡಿಗಳನ್ನೂ ಒಂದೊಂದು ವಾರ ನಾನೇ ಧರಿಸಿದೆ. ಮಗನದು ಸುಮಾರು 18,000 ರೂಪಾಯಿಯದು, ರಬ್ಬರಿನ ತುದಿಯಿದ್ದು ಕಿವಿಯೊಳಗೆ ಬಿರಡೆಯಂತೆ ಕೂರುವಂಥದು. ಸೊಸೆಯದು ರಬ್ಬರಿಲ್ಲದೆ, ಬಿಳಿ ಕಡ್ಡಿಯೊಂದು ಕೆಳಗೆ ಇಳಿಬಿಟ್ಟು ಕಿವಿಯ ಅಂಚಿಗೆ ಆತುಕೊಳ್ಳುವಂಥದು. ನನ್ನದು ಸ್ಟೇಶನ್ನಿನ ಹೊರಗಿನ ಅಂಗಡಿಯಲ್ಲಿ 1,200 ರೂಪಾಯಿಗೆ ಕೊಂಡದ್ದು.

ಮೊದಲು ದನಿಯ ಮಾತು. ಮೂರರಲ್ಲೂ ಒಂದೇ ವಸ್ತುವನ್ನು ಕೇಳಿದರೆ ಮಾತ್ರ ಹೋಲಿಕೆ ಸಾಧ್ಯ. ಭೀಮಸೇನ ಜೋಶಿಯವರ ಒಂದು ಹಳೆಯ ಧ್ವನಿಮುದ್ರಿಕೆಯನ್ನೂ ಕನ್ನಡ ವಾರ್ತೆಯನ್ನೂ ಆರಿಸಿಕೊಂಡೆ. ನನ್ನ ಅಗ್ಗದ ಜೋಡಿಯಲ್ಲಿ ತಬಲಾದ ಡಗ್ಗ ಮದುವೆಮನೆಯ ಬ್ಯಾಂಡಿನಂತೆ ಗುಮ್ಮೆಂದಿತು; ತಂಬೂರಿ ಎಲ್ಲಿ ಹೋಯಿತೋ ಕಾಣೆ. ಅಗ್ಗದ ಮಾಲಿನಲ್ಲಿ ತಗ್ಗು ಸ್ವರಗಳನ್ನು ಬೇಕೆಂದೇ ಉಬ್ಬಿಸುವುದುಂಟು. ಅಂಗಡಿಯಲ್ಲಿ ಒಂದು ನಿಮಿಷ ಕೇಳಿದವನಿಗೆ ಅದೇ ಭರ್ಜರಿಯೆನಿಸುತ್ತದೆ. ಮಗನ ಜೋಡಿಯಲ್ಲಿ ತಂಬೂರಿಯ ನಾಲ್ಕೂ ತಂತಿಗಳು ಬೇರೆ ಬೇರೆಯಾಗಿ ಕೇಳಿಸಿದವು. ಸೊಸೆಯದು ಮನೆಯೊಳಗೆ ಬಲು ಸಹಜ, ಲೋಕಲಿನಲ್ಲಿ ಮಾತ್ರ ಚಕ್ರದ ಸದ್ದಿನಲ್ಲಿ ಮುಳುಗಿಹೋಯಿತು. ಆದರೆ ವಾರ್ತೆ ಕೇಳುವಾಗ ಮೂರಕ್ಕೂ ಅಂಥ ಅಂತರವಿಲ್ಲ. ಮಾತು ಕೇಳುವವರು ದುಬಾರಿ ಮೊಗ್ಗಿಗೆ ಹಣ ಸುರಿಯಬೇಕಾಗಿಲ್ಲವೆಂಬುದು ನನಗೆ ಖಚಿತವಾಯಿತು.

ಇಲ್ಲೊಂದು ಗುಟ್ಟುಂಟು. ರಬ್ಬರಿನ ತುದಿ ಕಿವಿಗೆ ಸರಿಯಾಗಿ ಕೂರದಿದ್ದರೆ ಎಂಥ ದುಬಾರಿ ಮೊಗ್ಗಿನಲ್ಲೂ ತಗ್ಗು ಸ್ವರ ಸೋರಿಹೋಗುತ್ತದೆ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಸಾಮಾನ್ಯವಾಗಿ ಮೂರು ಅಳತೆಯ ತುದಿಗಳು ಬರುತ್ತವೆ. ಹೆಚ್ಚಿನವರು ಮಧ್ಯಮದ್ದನ್ನು ಬಿಟ್ಟು ಉಳಿದವನ್ನು ಮುಟ್ಟುವುದೇ ಇಲ್ಲ. ಎಡಗಿವಿಗೂ ಬಲಗಿವಿಗೂ ಬೇರೆ ಅಳತೆ ಬೇಕಾಗುವುದೂ ಉಂಟು. ಇನ್ನು, ಒಂದು ಕಡೆಯ ದನಿ ದಿನೇ ದಿನೇ ಕ್ಷೀಣವಾದರೆ ಕೂಡಲೇ ಕಂಪನಿಯನ್ನು ಶಪಿಸಬೇಡಿ. ಜಾಲರಿಯ ಮೇಲೆ ಗುಗ್ಗೆ ಕೂತಿರುತ್ತದೆ. ಒಣ ಮೆದು ಬ್ರಶ್ಶಿನಿಂದ ತೆಗೆದರಾಯಿತು.

ಮಗನ ಜೋಡಿಯಲ್ಲಿ ಹೊರಗಿನ ಗದ್ದಲವನ್ನು ಅಳಿಸುವ ವಿದ್ಯೆಯೂ ಇದೆ. ಪುಟ್ಟ ಮೈಕು ಹೊರಗಿನ ಸದ್ದನ್ನು ಕೇಳಿಕೊಂಡು, ಆ ಅಲೆಯ ಏರಿಗೆ ಸರಿಯಾಗಿ ಇಳಿತವನ್ನೂ ಇಳಿತಕ್ಕೆ ಏರನ್ನೂ ಹುಟ್ಟಿಸುತ್ತದೆ. ಎರಡೂ ಕೂಡಿ ಸೊನ್ನೆಯಾಗುತ್ತವೆ. ಈ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಎಂಬಾತ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ವಂಗದೇಶದಿಂದ ಅಮೆರಿಕಕ್ಕೆ ಹೋದ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಕೂತು ಇಂಜಿನ್ನಿನ ಮೊರೆತಕ್ಕೆ ಬೇಸತ್ತು ಲೆಕ್ಕ ಹಾಕತೊಡಗಿದರು. ಅವರ ಕಂಪನಿ ವಿಮಾನಚಾಲಕರಿಗಾಗಿ ಅಂಥ ಹೆಡ್‌ಸೆಟ್ ಹೊರತಂದದ್ದು 1989ರಲ್ಲಿ. ಈ ವಿದ್ಯೆ ಒಂದೇ ಸಮನೆ ಬರುವ ಮೊರೆತವನ್ನು ಚೆನ್ನಾಗಿ ನುಂಗುತ್ತದೆ, ಥಟ್ಟನೆ ಬರುವ ಸದ್ದನ್ನಲ್ಲ. ಲೋಕಲಿನ ಚಕ್ರದ ಸದ್ದು, ಫ್ಯಾನಿನ ಸದ್ದು ಮಾಯವಾದವು; ಚಿಕ್ಕಿ ಮಾರುವವನ ಕೂಗು ಮಾತ್ರ ಹಾಗೆಯೇ ಉಳಿಯಿತು. ಹಳಿಯ ಬಳಿ, ರಸ್ತೆ ದಾಟುವಲ್ಲಿ ಈ ಮಾಯೆ ಬೇಡವೇ ಬೇಡ.

ಎರಡನೆಯದು ಹಿತ. ರಬ್ಬರಿನ ಮೊಗ್ಗಿಟ್ಟುಕೊಂಡು ಚಕ್ಕುಲಿ ತಿಂದು ನೋಡಿ. ತಲೆಯೊಳಗೆ ಕಲ್ಲು ಕುಟ್ಟಿದಂತಾಗುತ್ತದೆ. ಮುಚ್ಚಿದ ಕಿವಿಯಲ್ಲಿ ನಮ್ಮ ದವಡೆಯ ಸದ್ದು, ನಮ್ಮದೇ ದನಿ ಹೊರಹೋಗಲಾರದೆ ಒಳಗೇ ಮೊಳಗುತ್ತವೆ. ದವಡೆ ಆಡಿದಂತೆ ಕಿವಿಯ ಓಣಿಯ ಆಕಾರವೂ ಬದಲಾಗುವುದರಿಂದ ಮೊಗ್ಗು ಮೆಲ್ಲಗೆ ಜಾರುತ್ತದೆ. ಎಲೆಯಡಿಕೆ ಹಾಕುವವರಿಗೆ ಇದು ದೊಡ್ಡ ಉಪದ್ರವ. ಮಗನ ಜೋಡಿ ಒಂದು ಗಂಟೆ ಕಳೆಯುವಷ್ಟರಲ್ಲಿ ನನ್ನ ಕಿವಿಯಲ್ಲಿ ಒತ್ತತೊಡಗಿತು. ಸೊಸೆಯದು ಅರ್ಧ ದಿನ ಇದ್ದರೂ ಇದ್ದದ್ದೇ ತಿಳಿಯಲಿಲ್ಲ. ಆದರೆ ಅದನ್ನೇ ನನ್ನಾಕೆ ಇಟ್ಟುಕೊಂಡಾಗ ಎರಡೇ ಹೆಜ್ಜೆಗೆ ನೆಲಕ್ಕುರುಳಿತು. ಹಾಗಾಗಿ ಈ ವಿಷಯದಲ್ಲಿ ಇನ್ನೊಬ್ಬರ ಮಾತು ಪ್ರಮಾಣವಲ್ಲ. ಚಪ್ಪಲಿಯನ್ನು ಹೇಗೋ, ಇದನ್ನೂ ಹಾಗೆಯೇ ಮೆಟ್ಟಿ ನೋಡಿಯೇ ಕೊಳ್ಳಬೇಕು.

ಮೂರನೆಯದು ಬ್ಯಾಟರಿ. ನಮ್ಮ ಮೊಬೈಲಿನ ಬ್ಯಾಟರಿ ಸಾಮಾನ್ಯವಾಗಿ 5,000 ಮಿಲಿಆ್ಯಂಪ್-ಅವರ್ ಆಸುಪಾಸಿನದು. ಮೊಗ್ಗಿನೊಳಗಿರುವುದು 50ರ ಆಸುಪಾಸು. ಇಷ್ಟು ಪುಟ್ಟ ಸೆಲ್ಲು ಐದಾರು ಗಂಟೆ ದುಡಿಯುವುದೇ ಆಶ್ಚರ್ಯ. ಮೊದಲ ಏರ್‌ಪಾಡ್ಸ್‌ಗೆ ಕಂಪನಿ ಹೇಳಿದ್ದು 5 ಗಂಟೆ, ಡಬ್ಬಿಯಿಂದ ಮತ್ತೆ ಮತ್ತೆ ತುಂಬಿಸಿಕೊಂಡರೆ ಒಟ್ಟು 24 ಗಂಟೆ. 2023ರಲ್ಲಿ ಬಂದ ಸೋನಿಯ ಡಬ್ಲ್ಯುಎಫ್-1000ಎಕ್ಸ್‌ಎಂ5 ಗದ್ದಲ ಅಳಿಸುತ್ತಲೇ 8 ಗಂಟೆ ನಡೆಯುತ್ತದೆಂದು ಅದರ ಕಂಪನಿಯ ಮಾತು. ತೂಕ ಒಂದೊಂದಕ್ಕೆ 5.9 ಗ್ರಾಂ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗುವುದು ಒಟ್ಟು ಗಂಟೆ. ನಮಗೆ ಬೇಕಾದದ್ದು ಒಮ್ಮೆ ಕಿವಿಗಿಟ್ಟರೆ ಎಷ್ಟು ಗಂಟೆ ಎಂಬುದು. ಗದ್ದಲ ಅಳಿಸುವ ಗುಂಡಿ ಒತ್ತಿದರೆ, ದನಿ ಏರಿಸಿದರೆ, ಫೋನಿನಲ್ಲಿ ಮಾತಾಡಿದರೆ ಅದು ಇನ್ನಷ್ಟು ಇಳಿಯುತ್ತದೆ.

ಟ್ರಾನ್ಸಿಸ್ಟರಿನ ಕಾಲದಲ್ಲಿ ಸೆಲ್ಲು ಸೊರಗಿದರೆ ಬಿಸಿಲಿಗಿಟ್ಟು ಇನ್ನೆರಡು ದಿನ ದೂಡುತ್ತಿದ್ದೆವು. ಆಮೇಲೆ ಹೊಸ ಸೆಲ್ಲು ಹಾಕಿದರೆ ರೇಡಿಯೋ ಮತ್ತೆ ಹೊಸದು. ಈ ಲಿಥಿಯಂ ಸೆಲ್ಲನ್ನು ದಯವಿಟ್ಟು ಬಿಸಿಲಿಗಿಡಬೇಡಿ, ಕಾವೇ ಅದರ ವೈರಿ. ಕೆಲವು ನೂರು ಸಲ ಚಾರ್ಜು ಮಾಡುವಷ್ಟರಲ್ಲಿ ಅದರ ತ್ರಾಣ ಕುಂದುತ್ತದೆ. ಹೆಚ್ಚಿನ ಮೊಗ್ಗುಗಳಲ್ಲಿ ಅದನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬದಲಿಸಲೂ ಆಗುವುದಿಲ್ಲ. ನನ್ನ ಜೋಡಿ ಎರಡನೆಯ ವರ್ಷಕ್ಕೇ ನಾಲ್ಕು ಗಂಟೆಯಿಂದ ಒಂದೂವರೆ ಗಂಟೆಗೆ ಇಳಿದು, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ ಹೋಗುವಾಗ ಹಾಡಿ, ಬರುವಾಗ ಮೌನವ್ರತ ಹಿಡಿಯುತ್ತದೆ.

ದನಿಯ ಮಟ್ಟದ ಬಗೆಗೂ ಒಂದು ಮಾತು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. ಮಕ್ಕಳಿಗೆ 40 ಗಂಟೆಯ ಆ ಮಿತಿ 75 ಡೆಸಿಬೆಲ್‌ಗೇ ನಿಲ್ಲುತ್ತದೆ. ಗದ್ದಲದ ಡಬ್ಬಿಯಲ್ಲಿ ಗದ್ದಲವನ್ನು ಮೀರಿಸಲೆಂದೇ ದನಿ ಏರಿಸುವ ನಮ್ಮಂಥವರಿಗೆ ಈ ಲೆಕ್ಕ ಬಲು ಬೇಗ ಮುಗಿಯುತ್ತದೆ.

ಇಷ್ಟೆಲ್ಲ ತೂಗಿ ನೋಡಿ, ಸಣ್ಣ ರಬ್ಬರಿನ ತುದಿಯ, ಒಮ್ಮೆಗೆ 7 ಗಂಟೆ ನಡೆಯುವ, 3,000 ರೂಪಾಯಿಯ ಜೋಡಿಯೊಂದನ್ನು ತಾಯಿಗೆ ತಂದುಕೊಟ್ಟೆವು. ಮನೆ ನಿಶ್ಶಬ್ದವಾಯಿತು. ಮಗನ ಕಿವಿಯಲ್ಲಿ ಮೀಟಿಂಗು, ಸೊಸೆಯ ಕಿವಿಯಲ್ಲಿ ಮರಾಠಿ ಕಥೆ, ಮೊಮ್ಮಗಳ ಕಿವಿಯಲ್ಲಿ ಇಂಗ್ಲಿಷ್ ಪಾಠ, ತಾಯಿಯ ಕಿವಿಯಲ್ಲಿ ಧಾರವಾಡ. ನಾಲ್ಕೇ ದಿನ. ಐದನೆಯ ದಿನ ತಾಯಿ ಎರಡೂ ಮೊಗ್ಗುಗಳನ್ನು ಕಿತ್ತು ಡಬ್ಬಿಗೆ ಹಾಕಿದಳು.

"ಯಾಕವ್ವಾ, ಕೇಳಸೂದುಲ್ಲೇನು?" ಎಂದೆ.

"ಕೇಳಸ್ತದಪಾ, ಛಲೋ ಕೇಳಸ್ತದ. ಆದ್ರ ನಾ ನಕ್ರ ಯಾಕ ನಕ್ಕೆ ಅಂತ ಯಾರೂ ಕೇಳಂಗಿಲ್ಲ. ಹುಚ್ಚೀಗತೆ ಒಬ್ಬಾಕೀನ ನಗಬೇಕು. ಒಂದ ಮನ್ಯಾಗ ಇದ್ದು, ಒಬ್ಬೊಬ್ರು ಒಂದೊಂದು ಊರಾಗ ಇದ್ದಂಗ ಆತು."

ದನಿ, ಹಿತ, ಬ್ಯಾಟರಿ ಎಂಬ ನನ್ನ ಮೂರು ಪರೀಕ್ಷೆಗಳಲ್ಲಿ ಈ ಮಾತಿಗೆ ಜಾಗವಿರಲಿಲ್ಲ. ನಮ್ಮಂತೆ ಊರು ಬಿಟ್ಟು ಬಂದವರ ಮನೆಯಲ್ಲಿ ಅದು ನಾಲ್ಕನೆಯ ಪರೀಕ್ಷೆಯಾಗಬೇಕೆಂದು ನನಗೆ ತೋರುತ್ತದೆ. ನನ್ನ ಮಗ ಇಲ್ಲೇ ಹುಟ್ಟಿದವನು, ಮರಾಠಿ ಶಾಲೆಯಲ್ಲಿ ಓದಿದವನು. ಅವನಿಗೆ ಕನ್ನಡವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಟೇಪ್ ರೆಕಾರ್ಡರಿನ ಭಾವಗೀತೆ, ಊರಿಂದ ಬಂದ ನೆಂಟರ ಹರಟೆ, ಕೆಲವು ರಾತ್ರಿ ಗೊರಗೊರ ಸದ್ದಿನ ನಡುವೆ ಮೀಡಿಯಂ ವೇವಿನಲ್ಲಿ ತೇಲಿಬರುತ್ತಿದ್ದ ಧಾರವಾಡ ಕೇಂದ್ರ, ನನಗೂ ನನ್ನಾಕೆಗೂ ನಡೆದ ವಾಗ್ವಾದಗಳು, ಇವೆಲ್ಲ ಅವನಿಗೆಂದು ಆಡಿದವಲ್ಲ. ಸುಮ್ಮನೆ ಅವನ ಕಿವಿಗೆ ಬಿದ್ದವು. ಕಿವಿಗೆ ಬಿದ್ದ ಮಾತು ನಾಲಗೆಗೆ ಬಂತು. ಶಾಲೆಯಲ್ಲಿ, ಅಂಗಡಿಯಲ್ಲಿ, ರೈಲಿನಲ್ಲಿ ಕನ್ನಡ ಇರುವ ಊರಿನವರಿಗೆ ಮನೆ ಮೌನವಾದರೂ ನಡೆದೀತು. ನಮಗೆ ಆ ನಾಲ್ಕು ಗೋಡೆಯೊಳಗಿನದೇ ಕರ್ನಾಟಕ. ಮೊಮ್ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುತ್ತಾಳೆಂದರೆ, ಅವಳ ಕಿವಿಗೆ ಬೀಳುತ್ತಿರುವುದು ಏನೆಂದು ನೋಡಬೇಡವೇ?

ಉಪಾಯ ಹೊಳೆದದ್ದು ಮೊಮ್ಮಗಳಿಗೇ. ಒಂದು ಮಧ್ಯಾಹ್ನ ದೊಡ್ಡಜ್ಜಿಯ ಎಡಗಿವಿಯ ಮೊಗ್ಗನ್ನು ತೆಗೆದು ಒರೆಸಿ ತನ್ನ ಕಿವಿಗಿಟ್ಟುಕೊಂಡಳು. ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿ 'ಮೋನೋ' ಎಂದು ಆರಿಸಿದರೆ ಎರಡೂ ಕಡೆಗೆ ಒಂದೇ ದನಿ ಬರುತ್ತದೆ. ಇಲ್ಲವಾದರೆ ಕೆಲವು ಹಾಡುಗಳಲ್ಲಿ ಒಬ್ಬರಿಗೆ ಪಿಟೀಲು, ಇನ್ನೊಬ್ಬರಿಗೆ ಬರಿಯ ತಬಲಾ. ಇಬ್ಬರೂ ಒಂದೇ ನಾಟಕ ಕೇಳುತ್ತ ಕೂತರು. ಸ್ವಲ್ಪ ಹೊತ್ತಿಗೆ, "ದೊಡ್ಡಜ್ಜೀ, ಬೀಗರು ಅಂದ್ರ ಕ್ಯಾ?" ಎಂಬ ಪ್ರಶ್ನೆ ಬಂತು.

"ನಿಮ್ಮವ್ವನ ಅಪ್ಪ ಅದಾನಲ್ಲ ಸಾತಾರ‍್ಯಾಗ, ಅಂವ ನಿಮ್ಮಜ್ಜಗ ಬೀಗ" ಎಂದು ಶುರುವಾದದ್ದು ಬೀಗಿತ್ತಿ, ಷಡ್ಡಕ, ನೆಗೆಣ್ಣಿ, ನಾದಿನಿಯವರೆಗೆ ಬೆಳೆದು, ನಾಟಕ ಮುಗಿದದ್ದೇ ಇಬ್ಬರಿಗೂ ತಿಳಿಯಲಿಲ್ಲ.

ಈಗ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಊಟ ಮುಗಿಯುವವರೆಗೆ ಎಲ್ಲರ ಮೊಗ್ಗುಗಳೂ ಡಬ್ಬಿಯಲ್ಲಿ ಚಾರ್ಜಾಗುತ್ತಿರುತ್ತವೆ. ಅಂಗೈಯಗಲದ ಒಂದು ಸ್ಪೀಕರ್ ತಂದು ಅಡುಗೆಮನೆಯ ಹೊಸ್ತಿಲ ಬಳಿ ಇಟ್ಟಿದ್ದೇವೆ. ಮೊನ್ನೆ ಅದರಲ್ಲಿ ಯಾವುದೋ ಹಾಸ್ಯ ನಾಟಕ. ತಾಯಿ ನಕ್ಕಳು, ನಾವೂ ನಕ್ಕೆವು. ಅಷ್ಟರಲ್ಲಿ ಒಳಗೆ ಭಾಕರಿ ಬಡಿಯುತ್ತಿದ್ದ ಸಾತಾರೆಯ ಸೊಸೆಯೂ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅವಳಿಗೆ ಆ ಮಾತನ್ನು ಯಾರೂ ಮರಾಠಿಯಲ್ಲಿ ಹೇಳಿರಲಿಲ್ಲ.