ಚಳಿಗಾಲಕ್ಕೊಂದು ಊರು

ಎಡಿನ್‌ಬರೋದಲ್ಲಿ ನವೆಂಬರ್ ಬಂತೆಂದರೆ ಅರವತ್ತರ ಆಸುಪಾಸಿನವರ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಎಲ್ಲಿಗೆ ಹೋಗೋಣ? ಬಸ್ ನಿಲ್ದಾಣದಲ್ಲಿ, ಡಾಕ್ಟರ ಕೋಣೆಯ ಹೊರಗೆ, ದೀಪಾವಳಿಗೆ ಸೇರುವ ನಮ್ಮ ಕನ್ನಡದವರ ಊಟದ ಸಾಲಿನಲ್ಲಿ, ಎಲ್ಲ ಕಡೆಯೂ ಇದೇ ಚರ್ಚೆ. ಒಬ್ಬರು ಸ್ಪೇನ್ ಅನ್ನುತ್ತಾರೆ, ಒಬ್ಬರು ಪೋರ್ಚುಗಲ್, ಇನ್ನೊಬ್ಬರು ಸೈಪ್ರಸ್. ನಮ್ಮ ಮನೆಯಲ್ಲಿ ಯಜಮಾನರು ನಿವೃತ್ತರಾಗಿದ್ದಾರೆ, ನನ್ನದೂ ಹತ್ತಿರ ಬಂದಿದೆ, ನನ್ನ ಮಂಡಿಗಳಿಗಂತೂ ಇಲ್ಲಿಯ ಥಂಡಿ ಆಗಿಬರುವುದಿಲ್ಲ. ಹಾಗಾಗಿ ನಮಗೆ ಇದು ಬರೀ ಹೊತ್ತು ಕಳೆಯುವ ಮಾತಲ್ಲ.

ಸ್ಕಾಟ್ಲೆಂಡ್ ಎಂದರೆ ಹಿಮದ ರಾಶಿ ಎಂದು ಊರಿನವರು ತಿಳಿದಿರುತ್ತಾರೆ. ನಿಜಕ್ಕೂ ಎಡಿನ್‌ಬರೋದ ಚಳಿ ಅಷ್ಟು ಕ್ರೂರವಲ್ಲ. ಭೂಪಟದಲ್ಲಿ ನೋಡಿದರೆ ನಾವು ಮಾಸ್ಕೋ ನಗರದ ಅಕ್ಷಾಂಶದಲ್ಲೇ ಇದ್ದೇವೆ. ಆದರೆ ಅಟ್ಲಾಂಟಿಕ್‌ನ ಬೆಚ್ಚಗಿನ ನೀರೂ ಅದರ ಮೇಲಿಂದ ಬೀಸುವ ಪಶ್ಚಿಮದ ಗಾಳಿಯೂ ಕಾಪಾಡುತ್ತವೆ. ಜನವರಿಯ ನಡುಹಗಲಲ್ಲಿ ಏಳು ಡಿಗ್ರಿ ಸೆಲ್ಸಿಯಸ್ ಇರುವುದು ಮಾಮೂಲು. ಕಾಡುವುದು ಕತ್ತಲೆ. ಡಿಸೆಂಬರ್ 21ರ ಹೊತ್ತಿಗೆ ಸೂರ್ಯ ಹುಟ್ಟುವಾಗ ಬೆಳಿಗ್ಗೆ 8.40 ದಾಟಿರುತ್ತದೆ, ಮಧ್ಯಾಹ್ನ 3.40ಕ್ಕೆಲ್ಲ ಮುಳುಗಿಬಿಡುತ್ತಾನೆ. ಆ ಏಳು ಗಂಟೆಯಲ್ಲೂ ಅವನು ತೆಂಗಿನ ಮರದೆತ್ತರಕ್ಕೂ ಏರುವುದಿಲ್ಲ; ಎದುರು ಸಾಲಿನ ಕಟ್ಟಡದ ಹಿಂದೆಯೇ ಓಡಾಡಿ ಹೋಗುತ್ತಾನೆ. ಅಕ್ಟೋಬರಿನಿಂದ ಮಾರ್ಚ್ ಮೊದಲವರೆಗೆ ಇಲ್ಲಿಯ ಬಿಸಿಲಿಗೆ ಚರ್ಮದಲ್ಲಿ ಬೇಕಾದಷ್ಟು ವಿಟಮಿನ್ ಡಿ ಹುಟ್ಟಿಸುವ ಶಕ್ತಿ ಇರುವುದಿಲ್ಲ. ದಿನಕ್ಕೆ 10 ಮೈಕ್ರೋಗ್ರಾಂ ಗುಳಿಗೆ ತೆಗೆದುಕೊಳ್ಳಿ ಎಂದು ಸರ್ಕಾರವೇ ಹೇಳುತ್ತದೆ, ನಮ್ಮಂಥ ಕಂದು ಮೈಬಣ್ಣದವರು ವರ್ಷವಿಡೀ ತೆಗೆದುಕೊಂಡರೆ ಒಳ್ಳೆಯದು ಎನ್ನುತ್ತದೆ. ಬೆಚ್ಚಗಿನ ಊರು ಬೇಕು ಎಂದು ನಾವು ಹೇಳುವಾಗ ಅರ್ಧ ಆಸೆ ಬೆಳಕಿನದು. ಇದನ್ನು ಮೊದಲೇ ತಿಳಿದುಕೊಂಡವರ ಹುಡುಕಾಟ ಬೇರೆ ದಾರಿ ಹಿಡಿಯುತ್ತದೆ.

ಮೈಸೂರಿನಿಂದ ನಮ್ಮಕ್ಕ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ. "ಅಲ್ವೇ, ಸ್ಪೇನು ಗೀನು ಅಂತ ಯಾಕೆ ಅಲೀತೀರ? ಇಲ್ಲಿಗೇ ಬಂದ್ಬಿಡಿ. ಇಲ್ಲಿ ಬಿಸಿಲಿಗೇನು ಬರವೇ?" ಬರವಿಲ್ಲ, ನಿಜ. ಮೈಸೂರಿನ ಜನವರಿಯಷ್ಟು ಹದವಾದ ಹವೆ ನನಗೆ ಗೊತ್ತಿರುವ ಮಟ್ಟಿಗೆ ಯುರೋಪಿನಲ್ಲಿಲ್ಲ. ಆದರೆ ಮಗಳು, ಮೊಮ್ಮಗು ಈ ದೇಶದಲ್ಲಿದ್ದಾರೆ. ಮಗುವಿಗೆ ಜ್ವರ ಬಂದರೆ ಸಂಜೆಯೊಳಗೆ ಬಂದು ಸೇರಬಹುದಾದಷ್ಟು ದೂರದಲ್ಲಿ ಇರಬೇಕು ಅನ್ನುವುದು ನನ್ನ ಹಟ. ಇನ್ನೊಂದು ವಿಷಯ ಊರಿಗೆ ಮರಳಲು ಹೊರಟ ಅನೇಕರಿಗೆ ಕೊನೆ ಗಳಿಗೆಯಲ್ಲಿ ಗೊತ್ತಾಗುತ್ತದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪ್ರತಿವರ್ಷ ಏರುತ್ತದೆ. ಯುರೋಪಿನ ಒಕ್ಕೂಟದ ದೇಶಗಳಲ್ಲಿ ನೆಲೆಸಿದರೂ ಏರುತ್ತದೆ. ಭಾರತದಲ್ಲಿ ನೆಲೆಸಿದರೆ ಏರುವುದಿಲ್ಲ, ಹೋದ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತದೆ. ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದವರಿಗೂ ಇದೇ ಗತಿ. ಮೂವತ್ತು ನಲವತ್ತು ವರ್ಷ ಒಂದೇ ಖಜಾನೆಗೆ ದುಡ್ಡು ಕಟ್ಟಿದವರ ನಡುವೆ ಹೀಗೆ ಪಂಕ್ತಿಭೇದ ಮಾಡುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಹವೆಯನ್ನು ಹುಡುಕಿಕೊಂಡು ಹೊರಡುವುದು ಇಂದು ನಿನ್ನೆಯ ಚಾಳಿಯೂ ಅಲ್ಲ. ಒಂದು ಕಾಲಕ್ಕೆ ಈ ಬ್ರಿಟಿಷರೇ ತಂಪು ಹುಡುಕುತ್ತ ನಮ್ಮ ಬೆಂಗಳೂರಿಗೆ ಬಂದು, ಪಿಂಚಣಿದಾರರ ಸ್ವರ್ಗ ಎಂದು ಅದಕ್ಕೆ ಹೆಸರು ಬರುವಷ್ಟು ನೆಲೆ ನಿಂತರು. ಶಾಖ ಹುಡುಕಿ ಹೊರಟವರಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವವನು ಇದೇ ಎಡಿನ್‌ಬರೋದಲ್ಲಿ 1850ರಲ್ಲಿ ಹುಟ್ಟಿದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್. ಚಿಕ್ಕಂದಿನಿಂದ ಎದೆಯ ರೋಗ. 1873ರಲ್ಲಿ ವೈದ್ಯರು ಫ್ರಾನ್ಸಿನ ದಕ್ಷಿಣ ಕಡಲತೀರದ ಮೆಂಟನ್‌ಗೆ ಕಳಿಸಿದರು. ಆಮೇಲೆ ಸ್ವಿಟ್ಜರ್ಲೆಂಡಿನ ದಾವೋಸ್. ಆಗ ಕ್ಷಯಕ್ಕೆ ಬೆಟ್ಟದ ಒಣ ಚಳಿಯೇ ಮದ್ದೆಂಬ ನಂಬಿಕೆ ಇತ್ತು. ಮತ್ತೆ ಬಿಸಿಲಿಗೆಂದು ಫ್ರಾನ್ಸಿನ ಇಯೇರ್, ಅಲ್ಲಿಂದ ಇಂಗ್ಲೆಂಡಿನ ಬೋರ್ನ್‌ಮತ್, ಅಮೆರಿಕದ ಹಿಮದಲ್ಲಿ ಒಂದು ಚಳಿಗಾಲ. ಕೊನೆಗೆ 1888ರಲ್ಲಿ ಹಡಗು ಹತ್ತಿ ಶಾಂತಸಾಗರಕ್ಕೆ ಇಳಿದವನು ಸಮೋವಾ ದ್ವೀಪದಲ್ಲಿ ಮನೆ ಕಟ್ಟಿಸಿದ. ಚಳಿಯೇ ಇಲ್ಲದ ಆ ಊರಿನ ಮನೆಯಲ್ಲಿ ಅವನೊಂದು ಅಗ್ಗಿಷ್ಟಿಕೆಯನ್ನೂ ಕಟ್ಟಿಸಿಕೊಂಡ. ಅದನ್ನು ಓದಿದಾಗ ನನಗೆ ಕರುಳು ಚುರುಕ್ಕೆಂದಿತು. ಬಿಸಿಲಿಗಾಗಿ ಅರ್ಧ ಭೂಮಿ ಸುತ್ತಿದವನಿಗೂ ಹುಟ್ಟೂರಿನ ಸಂಜೆ ಬೇಕಿತ್ತು. 1894ರಲ್ಲಿ 44ನೇ ವಯಸ್ಸಿಗೆ ತೀರಿಕೊಂಡ. ಅದೂ ಎದೆಯ ರೋಗದಿಂದಲ್ಲ, ಮಿದುಳಿನ ರಕ್ತಸ್ರಾವದಿಂದ.

ಇರಲಿ, ನಮ್ಮ ಹುಡುಕಾಟಕ್ಕೆ ಬರೋಣ. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಊರು ಬದಲಿಸುವವರ ಕಿವಿಯಲ್ಲಿ ಸದಾ ಇರಬೇಕು. ಬಹಳ ಮಂದಿ ಊರು ಆರಿಸುವುದು ರಜೆಗೆ ಹೋದಾಗಿನ ನೆನಪಿನಿಂದ. ಜುಲೈನಲ್ಲಿ ಹೋಗಿರುತ್ತಾರೆ, ಕಡಲು ನೀಲಿಯಾಗಿರುತ್ತದೆ, ಹೋಟೆಲಿನವರು ನಗುತ್ತಿರುತ್ತಾರೆ. ನಾವು ಜನವರಿಯಲ್ಲಿ ಹೋಗಿ ನೋಡಬೇಕು ಎಂದು ಪಟ್ಟು ಹಿಡಿದವಳು ನಾನು. ಸ್ಪೇನಿನ ಮಾಲಗಾದಲ್ಲಿ ಜನವರಿಯ ಹಗಲು 17 ಡಿಗ್ರಿ; ಚಿನ್ನದಂಥ ಬಿಸಿಲು, ರಸ್ತೆ ಬದಿಯಲ್ಲಿ ಕಿತ್ತಳೆ ಮರಗಳು. ಎಡಿನ್‌ಬರೋದವರಿಗೆ ಅದು ಬೇಸಿಗೆಯೇ. ಆದರೆ ಸಂಜೆ ಮನೆಯೊಳಗೆ ಬಂದು ಚಪ್ಪಲಿ ಬಿಟ್ಟು ನೋಡಿ. ನೆಲಕ್ಕೆ ಕಲ್ಲು ಇಲ್ಲವೇ ಟೈಲ್ಸ್, ಹೊರಗೆ ಏಳೆಂಟು ಡಿಗ್ರಿ, ಒಳಗೆ ಹೀಟಿಂಗ್ ಇಲ್ಲ. ಅಲ್ಲಿಯ ಹಳೆಯ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಸೆಕೆಯನ್ನು ಹೊರಗಿಡಲಿಕ್ಕೆ. ಶಾಖವನ್ನು ಒಳಗೆ ಹಿಡಿದಿಡುವುದು ಆ ಗೋಡೆಗಳಿಗೆ ತಿಳಿಯದು. ಮಳೆ ಬಂದ ವಾರದಲ್ಲಿ ಹಾಸಿಗೆಯೇ ಒದ್ದೆ ಅನ್ನಿಸುತ್ತದೆ, ಬೀರುವಿನಲ್ಲಿ ಬೂಷ್ಟು. 2023ರ ಯುರೋಪಿನ ಅಂಕಿಅಂಶದ ಪ್ರಕಾರ ತಮ್ಮ ಮನೆಯನ್ನು ಬೇಕಾದಷ್ಟು ಬೆಚ್ಚಗಿಡಲಾಗದು ಎಂದವರು ಸ್ಪೇನ್, ಪೋರ್ಚುಗಲ್‌ಗಳಲ್ಲಿ ನೂರಕ್ಕೆ 20ಕ್ಕೂ ಹೆಚ್ಚು. ಹಿಮದ ನಾಡು ಫಿನ್ಲೆಂಡಿನಲ್ಲಿ 3 ಕೂಡ ಇಲ್ಲ. ಚಳಿಯ ದೇಶದ ಮನೆ ಬೆಚ್ಚಗೆ, ಬಿಸಿಲ ದೇಶದ ಮನೆ ಥಂಡಿ. ಮನೆ ಮಾರಿ ಹೋದ ಮೇಲೆ ಇದು ಗೊತ್ತಾದರೆ ಕಷ್ಟ.

ಅಲ್ಲಿಯವರು ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಆಂದಲೂಸಿಯಾದ ಮನೆಗಳಲ್ಲಿ ಒಂದು ದುಂಡು ಮೇಜು ಇರುತ್ತದೆ, ಅದಕ್ಕೆ ನೆಲ ಮುಟ್ಟುವ ದಪ್ಪ ಹೊದಿಕೆ. ಕೆಳಗಿನ ಹಲಗೆಯ ನಡುವೆ ದುಂಡಗೆ ಕೊರೆದು ಅಲ್ಲಿ ಕೆಂಡದ ಬೋಗುಣಿ ಇಡುತ್ತಿದ್ದರು; ಈಗ ಕರೆಂಟಿನ ಹೀಟರ್ ಇಡುತ್ತಾರೆ. ಮನೆಮಂದಿ ಸುತ್ತ ಕೂತು ಹೊದಿಕೆಯನ್ನು ಮಡಿಲಿನ ಮೇಲೆ ಎಳೆದುಕೊಂಡು ಕಾಲನ್ನು ಒಳಗೆ ಬಿಡುತ್ತಾರೆ. ಊಟ, ಇಸ್ಪೀಟು, ಮಕ್ಕಳ ಹೋಮ್‌ವರ್ಕ್ ಎಲ್ಲ ಅದರ ಮೇಲೇ. ಬೆನ್ನು ತಣ್ಣಗೇ ಇರುತ್ತದೆ, ಆದರೆ ಮಂಡಿಯವರೆಗೆ ಏರುವ ಆ ಹಿತ ನನ್ನಂಥವಳಿಗೆ ವರವೇ ಸರಿ. ಕೋಣೆಯನ್ನೆಲ್ಲ ಕಾಯಿಸುವ ಬದಲು ಕೂತವರನ್ನು ಮಾತ್ರ ಕಾಯಿಸುವ ಈ ಜಾಣತನವನ್ನು ನಮ್ಮ ಸ್ಕಾಟ್ಲೆಂಡಿನವರೂ ಕಲಿಯಬಹುದು, ಗ್ಯಾಸ್ ಬಿಲ್ಲು ಈಗಿರುವ ಮಟ್ಟ ನೋಡಿದರೆ.

ಬೇಸಿಗೆಯ ಪಾಡನ್ನೂ ಹೇಳಿಬಿಡಬೇಕು. ಸ್ಪೇನಿನ ಒಳನಾಡು ಬೇಯುತ್ತದೆ. ಕೋರ್ದೋಬಾ ಪ್ರಾಂತದ ಲಾ ರಾಂಬ್ಲಾದಲ್ಲಿ 2021ರ ಆಗಸ್ಟಿನಲ್ಲಿ 47.6 ಡಿಗ್ರಿ ದಾಖಲಾಯಿತು. ನಮ್ಮ ರಾಯಚೂರಿನವರಿಗೂ ಅದು ಹೆಚ್ಚೇ. ಎಪ್ಪತ್ತೈದು ದಾಟಿದ ಮೇಲೆ ಅಂಥ ಬೇಗೆ ದೇಹಕ್ಕೆ ಚಳಿಯಷ್ಟೇ ಅಪಾಯ. ಆದ್ದರಿಂದ ನಾನು ಒಳನಾಡನ್ನು ಪಟ್ಟಿಯಿಂದ ತೆಗೆದುಹಾಕಿದೆ. ಸೈಪ್ರಸ್ಸೂ ಬೇಸಿಗೆಯ ಕಾರಣಕ್ಕೇ ಹೋಯಿತು.

ಉಳಿದದ್ದು ಅಟ್ಲಾಂಟಿಕ್ ನಡುವಿನ ದ್ವೀಪಗಳು: ಪೋರ್ಚುಗಲ್‌ನ ಮದೀರಾ, ಸ್ಪೇನಿನ ಕನಾರಿಗಳು. ಇಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಯಜಮಾನರಿಗೆ ಮದೀರಾ ಬೇಕು. ಬೆಟ್ಟದ ಮಗ್ಗುಲಲ್ಲಿ ನೀರು ಹರಿಸುವ ಕಿರುಗಾಲುವೆಗಳು, ಅವುಗಳ ಬದಿಯಲ್ಲೇ ಮೈಲಿಗಟ್ಟಲೆ ಕಾಲುದಾರಿ. ನಡೆಯುವವರಿಗೆ ಅದಕ್ಕಿಂತ ಏನು ಬೇಕು? "ರೀ, ನಡೆಯೋದು ಸರಿ. ಆ ಫುಂಚಾಲ್ ಊರಿನ ಏರು ನೋಡಿದ್ದೀರಾ? ತರಕಾರಿ ಚೀಲ ಹಿಡಿದು ಮನೆಗೆ ವಾಪಸು ಹತ್ತಬೇಕಲ್ಲ, ಎಂಬತ್ತನೇ ವಯಸ್ಸಿಗೆ?" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು ಕಣೇ, ನಿನ್ನ ಮಂಡಿ ಇದೆಯಲ್ಲ" ಎಂದರು. ಅವರ ಮಂಡಿಗೂ ವಯಸ್ಸಾಗುತ್ತದೆ ಎಂದು ನಾನು ಹೇಳಲಿಲ್ಲ.

ಕನಾರಿಗಳಲ್ಲಿ ನನ್ನ ಮನಸ್ಸು ನಿಂತಿರುವುದು ತೆನೆರೀಫೆಯ ಮೇಲೆ. ಇಪ್ಪತ್ತೆಂಟು ಡಿಗ್ರಿ ಉತ್ತರ ಅಕ್ಷಾಂಶ, ಹೆಚ್ಚುಕಡಿಮೆ ನಮ್ಮ ದೆಹಲಿಯ ಸಾಲು. ನಡುಚಳಿಗಾಲದಲ್ಲೂ ಹತ್ತು ಗಂಟೆಗೂ ಮೀರಿ ಹಗಲು. ದ್ವೀಪದ ನಡುವೆ 3,715 ಮೀಟರ್ ಎತ್ತರದ ತೇಯ್ದೆ ಜ್ವಾಲಾಮುಖಿ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಮೋಡಗಳನ್ನು ತಂದು ಉತ್ತರದ ಮೈಗೆ ಒರಗಿಸುತ್ತದೆ. ಆದ್ದರಿಂದ ಉತ್ತರ ಹಸಿರು, ಬಾಳೆತೋಟ. ದಕ್ಷಿಣ ಒಣಭೂಮಿ, ಕಳ್ಳಿಗಿಡ. ಆಗುಂಬೆಯ ಮಳೆಯೂ ಚಳ್ಳಕೆರೆಯ ಬಿಸಿಲೂ ಒಂದೇ ಬೆಟ್ಟದ ಎರಡು ಮಗ್ಗುಲಲ್ಲಿ ಅಂಟಿಕೊಂಡು ಕೂತರೆ ಹೇಗಿರುತ್ತದೋ ಹಾಗೆ. ಪ್ರವಾಸಿಗರು ದಕ್ಷಿಣಕ್ಕೆ ಮುಗಿಬೀಳುತ್ತಾರೆ. ನನಗೆ ಉತ್ತರದ ಪುಯೆರ್ತೊ ದೆ ಲಾ ಕ್ರೂಸ್ ಸಾಕು: ಜನವರಿಯಲ್ಲಿ ಹಗಲು 20, ರಾತ್ರಿ 14ರ ಆಸುಪಾಸು. ಸುತ್ತಲಿನ ಕಡಲಪ್ರವಾಹ ತಣ್ಣಗಿರುವುದರಿಂದ ಬೇಸಿಗೆಯಲ್ಲೂ ಬೇಯುವುದಿಲ್ಲ, ಸಹಾರಾದಿಂದ ಧೂಳುಗಾಳಿ ಬರುವ ಕೆಲವು ದಿನಗಳನ್ನು ಬಿಟ್ಟರೆ.

ಆ ಊರಿನ ಸಸ್ಯೋದ್ಯಾನದ ಕತೆ ಹೇಳಬೇಕು. 1788ರಲ್ಲಿ ಸ್ಪೇನಿನ ದೊರೆ ಮೂರನೇ ಕಾರ್ಲೋಸನ ಆಜ್ಞೆಯಂತೆ ಅದರ ಕೆಲಸ ಶುರುವಾಯಿತು. ದೂರದ ಉಷ್ಣವಲಯದ ವಸಾಹತುಗಳಿಂದ ತಂದ ಗಿಡಗಳನ್ನು ಇಲ್ಲಿ ಒಂದಷ್ಟು ಕಾಲ ಬೆಳೆಸಿ, ಹವೆಗೆ ಹೊಂದಿಸಿ, ಆಮೇಲೆ ರಾಜಧಾನಿಯ ಕಡೆಯ ತೋಟಗಳಿಗೆ ಒಯ್ಯುವುದು ಯೋಜನೆ. ಗಿಡಗಳು ತೆನೆರೀಫೆಯಲ್ಲಿ ಚೆನ್ನಾಗಿ ಬೇರೂರಿದವು, ಮ್ಯಾಡ್ರಿಡ್ ಕಡೆಯ ಚಳಿಯನ್ನು ಮಾತ್ರ ತಾಳಲಿಲ್ಲ. ದೊರೆಯ ಯೋಜನೆ ಬಿದ್ದುಹೋಯಿತು, ತೋಟ ಉಳಿಯಿತು. ಇವತ್ತು ಅಲ್ಲಿ ಒಂದು ಅತ್ತಿಯ ಜಾತಿಯ ಮರವಿದೆ. ಕೊಂಬೆಗಳಿಂದ ಬಿಳಲು ಇಳಿದು, ನೆಲ ಮುಟ್ಟಿ, ಒಂದೊಂದೂ ಕಂಬವಾಗಿ ನಿಂತಿದೆ. ಅದರ ಬುಡದಲ್ಲಿ ನಿಂತಾಗ ದೊಡ್ಡ ಆಲದ ಮರದ ನೆನಪಾಗಿ ನಾನು ಬಹಳ ಹೊತ್ತು ಕದಲಲಿಲ್ಲ. ಅಲ್ಲಿಯ ಮಾರುಕಟ್ಟೆಯಲ್ಲಿ ಸಣ್ಣ ಸಿಹಿ ಬಾಳೆಹಣ್ಣು, ಪರಂಗಿ, ಕಟ್ಟು ಕಟ್ಟು ಕೊತ್ತಂಬರಿ. ಗೋಫಿಯೊ ಎಂದು ಮಾರುವುದು ನಮ್ಮ ಹುರಿಹಿಟ್ಟೇ. ಮೆಕ್ಕೆಜೋಳವನ್ನೋ ಗೋಧಿಯನ್ನೋ ಹುರಿದು ಬೀಸಿ, ಹಾಲಿನಲ್ಲಿ ಕಲಸಿ ತಿನ್ನುತ್ತಾರೆ. ನೂರು ವರ್ಷಕ್ಕೂ ಹಿಂದೆ ಬಂದ ಸಿಂಧಿ ವ್ಯಾಪಾರಿಗಳ ಸಂತತಿ ಈ ದ್ವೀಪಗಳಲ್ಲಿ ನೆಲೆಸಿರುವುದರಿಂದ ಬೇಳೆಕಾಳಿನ ಚಿಂತೆಯೂ ಇಲ್ಲ.

ಇನ್ನು ಕಾಗದಪತ್ರ. 2021ರ ಜನವರಿ 1ರಿಂದ ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ಷೆಂಗೆನ್ ದೇಶಗಳಲ್ಲಿ ವೀಸಾ ಇಲ್ಲದೆ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ. ಪೂರ್ತಿ ನೆಲೆಸಬೇಕೆಂದರೆ ಸ್ಪೇನಿನಲ್ಲಿ ದುಡಿಯದೆ ಬದುಕಬಲ್ಲವರ ವೀಸಾ ಇದೆ. ಈಗಿನ ಲೆಕ್ಕದಲ್ಲಿ ಒಬ್ಬರಿಗೆ ತಿಂಗಳಿಗೆ 2,400 ಯೂರೋ, ಜೊತೆಗಾರರಿಗೆ ಮತ್ತೆ 600 ಆದಾಯ ತೋರಿಸಬೇಕು. ವರ್ಷಕ್ಕೆ 183 ದಿನ ಮೀರಿ ಇದ್ದರೆ ತೆರಿಗೆಯೂ ಅಲ್ಲೇ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರಾಗಿದ್ದರೆ ಎಸ್1 ಎಂಬ ಪತ್ರದ ಮೂಲಕ ಅಲ್ಲಿಯ ಸರ್ಕಾರಿ ಆಸ್ಪತ್ರೆಯ ಖರ್ಚನ್ನು ಬ್ರಿಟನ್ ಭರಿಸುತ್ತದೆ, ಇದು ದೊಡ್ಡ ಆಸರೆ. ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಬ್ರಿಟನ್ನಿನಲ್ಲಿ ಕಾಯಂ ವಾಸದ ಪರವಾನಗಿ ಪಡೆದ ಸ್ನೇಹಿತರಿಗೆ ಒಂದು ಮಾತು: ಎರಡು ವರ್ಷಕ್ಕೂ ಹೆಚ್ಚು ಒಂದೇ ಸಮನೆ ದೇಶದ ಹೊರಗಿದ್ದರೆ ಆ ಪರವಾನಗಿ ಬಿದ್ದುಹೋಗುತ್ತದೆ. ಮಕ್ಕಳು ಇಲ್ಲಿರುವವರು ಇದನ್ನು ಮರೆಯಬಾರದು.

ಇಷ್ಟೆಲ್ಲ ಕೂಡಿಬಂದರೂ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. 2024ರ ಏಪ್ರಿಲ್ 20ರಂದು ಕನಾರಿ ದ್ವೀಪಗಳಲ್ಲಿ ಸಾವಿರಾರು ಜನ ಬೀದಿಗಿಳಿದರು. ಪ್ರವಾಸಿಗರಿಗೂ ಹೊರಗಿನವರಿಗೂ ಮನೆಗಳು ಹೋಗಿ, ಅಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೆ ಬಾಡಿಗೆ ಕೈಗೆಟುಕುತ್ತಿಲ್ಲ ಎನ್ನುವುದು ಅವರ ಸಂಕಟ. ನಮಗೆ ನರ್ಸ್ ಆಗಿ ಬರುವ ಹುಡುಗಿ, ಬಸ್ ಓಡಿಸುವ ಹುಡುಗ, ಇವರಿಗೇ ಆ ಊರಿನಲ್ಲಿ ಸೂರಿಲ್ಲವಾದರೆ ನಮ್ಮ ಬಿಸಿಲಿಗೆ ಯಾರು ಬೆಲೆ ತೆರುತ್ತಿದ್ದಾರೆ? ಬೆಂಗಳೂರಿನಲ್ಲಿ ಹಳೆಯ ಬಡಾವಣೆಯವರು ಬಾಡಿಗೆ ಏರಿ ಊರಾಚೆ ಹೋದದ್ದನ್ನು ಕಂಡವಳು ನಾನು. ಆದ್ದರಿಂದ ವರ್ಷದಲ್ಲಿ ಒಂಬತ್ತು ತಿಂಗಳು ಬೀಗ ಹಾಕಿಡುವ ಮನೆಯನ್ನು ನಾವು ಅಲ್ಲಿ ಕೊಳ್ಳುವುದಿಲ್ಲ. ಹೋಗುವುದಾದರೆ ಪೂರ್ತಿ ಹೋಗುವುದು, ವರ್ಷವಿಡೀ ಬಾಡಿಗೆ ಕಟ್ಟುವುದು, ತೆರಿಗೆ ಕೊಡುವುದು, ಅವರ ಭಾಷೆಯಲ್ಲಿ ತರಕಾರಿಯವಳ ಜೊತೆ ಮಾತಾಡುವುದು. ಇದರಲ್ಲಿ ಯಜಮಾನರಿಗೂ ನನಗೂ ಭಿನ್ನಾಭಿಪ್ರಾಯವಿಲ್ಲ.

ಬರುವ ಚಳಿಗಾಲ ಆ 90 ದಿನದ ಮಿತಿಯೊಳಗೇ ಪುಯೆರ್ತೊದಲ್ಲಿ, ಕಡಲ ಬದಿಯ ಸಮತಟ್ಟಾದ ಕೆಳಪೇಟೆಯಲ್ಲಿ, ಇದ್ದು ನೋಡುವುದೆಂದು ತೀರ್ಮಾನವಾಗಿದೆ. ಮಳೆ ಸುರಿವ ವಾರ ಗೋಡೆಗೆ ಬೂಷ್ಟು ಬರುತ್ತದೆಯೇ, ರಾತ್ರಿ ಎದೆ ನೋವೆಂದರೆ ಆಸ್ಪತ್ರೆಗೆ ಎಷ್ಟು ಹೊತ್ತು, ಮಗಳಿಗೆ ಬೇಕೆಂದಾಗ ವಿಮಾನ ಸಿಗುತ್ತದೆಯೇ, ಇವನ್ನು ಅಲ್ಲಿದ್ದೇ ತಿಳಿಯಬೇಕು. ಯಜಮಾನರು ಸ್ಪ್ಯಾನಿಷ್ ತರಗತಿಗೆ ಹೆಸರು ಕೊಟ್ಟು ಬಂದಿದ್ದಾರೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಸರಿ, ಹುರಿಹಿಟ್ಟು ಸಿಗುತ್ತೆ ಅಂದೆಯಲ್ಲ, ಫೆಬ್ರವರಿಗೆ ನಾನೂ ಬರ್ತೀನಿ. ನನ್ನ ವೀಸಾಕ್ಕೆ ಏನೇನು ಕಾಗದ ಬೇಕು, ಕೇಳಿ ಹೇಳು" ಎಂದಳು.