ಗೋದಾಮಿನ ಬಿಯರು, ಬೀದಿಯ ಜೆರ್ಸಿ

2022ರ ನವೆಂಬರ್ 18, ಶುಕ್ರವಾರ. ಮಗ್ರಿಬ್ ನಮಾಜು ಮುಗಿದಿದೆ. ಕತಾರಿನ ಮದೀನತ್ ಖಲೀಫಾ ಬಡಾವಣೆಯ ಒಳರಸ್ತೆಯ ಕರಕ್ ಚಹಾದಂಗಡಿಯ ಮುಂದೆ ನೀವು ನಿಂತಿದ್ದೀರಿ. ಲ್ಯಾಂಡ್ ಕ್ರೂಸರೊಂದು ಬಂದು ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ, ಎರಡು ಸಲ ಹಾರ್ನ್ ಅಷ್ಟೇ. ಹುಡುಗ ಓಡುತ್ತಾನೆ. ಒಳಗೆ ಚಹಾಪುಡಿ, ಏಲಕ್ಕಿ, ಡಬ್ಬಿ ಹಾಲು ಎಲ್ಲ ಸೇರಿ ಕುದಿದು ಕುದಿದು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಉಕ್ಕಿ ಬಂದಾಗಲೆಲ್ಲ ಅಂಗಡಿಯ ಕಾಕ ಸೌಟಿನಿಂದ ಎತ್ತಿ ಸುರಿದು ಅದನ್ನು ತಗ್ಗಿಸುತ್ತಾರೆ.

ವಿಶ್ವಕಪ್ಪಿಗೆ ಇನ್ನು ಎರಡೇ ದಿನ. ಹಾಗಂತ ಖಲೀಫಾ ಸ್ಟೇಡಿಯಂ ಹುಡುಕಿಕೊಂಡು ಈ ಬಡಾವಣೆಗೆ ಬಂದರೆ ಕೆಟ್ಟಿರಿ. ಅದಿರುವುದು ಅಲ್ ವಾಬ್ ಕಡೆ. ಇಲ್ಲಿ ಸಿಗುವುದು ವಿಲ್ಲಾಗಳ ಕಾಂಪೌಂಡು ಗೋಡೆ, ಮಸೀದಿ, ಲಾಂಡ್ರಿ, ಕ್ಷೌರದಂಗಡಿ.

ಕಾಕ ಕಾಸರಗೋಡಿನವರು. ಕೌಂಟರಿಗೆ ಒರಗಿ ಮೊಬೈಲು ನೋಡುತ್ತಿರುವವನು ಪುತ್ತೂರಿನ ಡ್ರೈವರ್. ಮೈಮೇಲೆ ಅರ್ಜೆಂಟೀನಾದ ಪಟ್ಟೆಪಟ್ಟೆ ಜೆರ್ಸಿ, ಬೆನ್ನಲ್ಲಿ 10.

"ಸುದ್ದಿ ನೋಡಿದ್ರಾ ಕಾಕ? ಸ್ಟೇಡಿಯಂ ಹತ್ರ ಬಿಯರ್ ಇಲ್ವಂತೆ."

"ಮೊದಲು ಉಂಟಿತ್ತಾ?"

ಉಂಟಿತ್ತು, ಒಪ್ಪಂದದಲ್ಲಿ. ಬಡ್‌ವೈಸರ್ ಬಿಯರ್ ಕಂಪನಿ 1986ರಿಂದ ಫಿಫಾದ ಪ್ರಾಯೋಜಕ. ಈ ಸಲದ ಪ್ರಾಯೋಜಕತ್ವ ಸುಮಾರು 7.5 ಕೋಟಿ ಡಾಲರಿನದು ಎಂದು ಪತ್ರಿಕೆಗಳು ಬರೆದಿವೆ. ಪಂದ್ಯಕ್ಕೆ ಮುಂಚೆ, ಮುಗಿದ ಮೇಲೆ ಸ್ಟೇಡಿಯಂ ಆವರಣದಲ್ಲಿ ಮಾರಲು ಕೆಂಪು ಡೇರೆಗಳೂ ಎದ್ದಿದ್ದವು. ಮೊದಲು ಅವನ್ನು ಕಣ್ಣಿಗೆ ಬೀಳದ ಮೂಲೆಗೆ ಸರಿಸಿದರು. ಇವತ್ತು ಮಾರಾಟವನ್ನೇ ನಿಲ್ಲಿಸಿದರು. ಸ್ಟೇಡಿಯಮ್ಮಿನಲ್ಲಿ ಸಾಮಾನ್ಯ ಪ್ರೇಕ್ಷಕರಿಗೆ ಇನ್ನು ಆಲ್ಕೋಹಾಲ್ ಇಲ್ಲದ ಬಡ್ ಝೀರೋ ಮಾತ್ರ. ಅಸಲಿ ಬೇಕೆಂದವರು ಅಲ್ ಬಿದ್ದಾ ಪಾರ್ಕಿನ ಫ್ಯಾನ್ ಫೆಸ್ಟಿವಲ್ಲಿಗೆ ಸಂಜೆಯ ಮೇಲೆ ಹೋಗಿ, ಅರ್ಧ ಲೀಟರಿಗೆ 50 ರಿಯಾಲ್ ಎಣಿಸಬೇಕು.

ಡ್ರೈವರ್ ಮೊಬೈಲನ್ನು ನಿಮ್ಮ ಮುಂದೆ ಹಿಡಿಯುತ್ತಾನೆ. ಇದು ಯಾಕೋ ಮುಜುಗರದ ವಿಷಯವಾಯ್ತಲ್ಲ ಎನ್ನುವ ಧಾಟಿಯಲ್ಲಿ ಬಡ್‌ವೈಸರ್ ಮಾಡಿದ್ದ ಟ್ವೀಟಿನ ಸ್ಕ್ರೀನ್‌ಶಾಟ್. ಅಸಲಿ ಟ್ವೀಟನ್ನು ಕಂಪನಿ ಆಗಲೇ ಅಳಿಸಿಯಾಗಿದೆ. ಚೇಷ್ಟೆಯೆಂದರೆ ಇಷ್ಟೇ, ಒಂದು ಸಾಲು. ಕಾಂಪೌಂಡಿನಾಚೆ ಮಜ್ಲಿಸ್‌ನಲ್ಲಿ ಕೂತ ಮನೆಯವರ ಮುಖದಲ್ಲಿ ಅದರಿಂದ ಒಂದು ಗೆರೆಯೂ ಕದಲಿರಲಾರದು. ಅವರೇನೂ ಬಡ್‌ವೈಸರಿನ ಗಿರಾಕಿಗಳಲ್ಲ. ನಕ್ಕವರು ಲಂಡನ್, ಚಿಕಾಗೋದವರು.

ಬಿಯರ್ ಕಂಪನಿಗಳಿಗೂ ವಿಶ್ವಕಪ್ಪಿಗೂ ಇದು ಹಳೆಯ ಜಗಳ. 2010ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಡೆನ್ಮಾರ್ಕ್ ವಿರುದ್ಧ ನೆದರ್ಲೆಂಡ್ಸ್ ಆಡುವಾಗ 36 ಹುಡುಗಿಯರು ಕಿತ್ತಳೆ ಬಣ್ಣದ ತುಂಡು ಫ್ರಾಕ್ ತೊಟ್ಟು ಗ್ಯಾಲರಿಯಲ್ಲಿ ಕೂತಿದ್ದರು. ಫ್ರಾಕು ಬವಾರಿಯಾ ಎಂಬ ಡಚ್ ಬಿಯರಿನ ಪ್ರಚಾರದ ಸರಕು. ಫಿಫಾ ಅವರನ್ನು ಎಬ್ಬಿಸಿ ಹೊರಗಟ್ಟಿತು, ಇಬ್ಬರ ಬಂಧನವೂ ಆಯಿತು. ಅಲ್ಲಿಯತನಕ ಬವಾರಿಯಾದ ಹೆಸರನ್ನೇ ಕೇಳದವರಿಗೂ ಮಾರನೆಯ ದಿನ ಅದು ಬಾಯಿಪಾಠ. ಈ ಸಲ ಸ್ಕಾಟ್ಲೆಂಡಿನ ಬ್ರೂಡಾಗ್ ಒಂದು ಹೆಜ್ಜೆ ಮುಂದೆ ಹೋಗಿ ತಾನು ಈ ಕೂಟದ 'ವಿರೋಧಿ ಪ್ರಾಯೋಜಕ' ಎಂದು ಘೋಷಿಸಿಕೊಂಡಿದೆ. ಮೊದಲು ರಷ್ಯಾ, ಆಮೇಲೆ ಕತಾರ್, ಇನ್ನು ಉತ್ತರ ಕೊರಿಯಾಕ್ಕೆ ಕಾಯುತ್ತಿದ್ದೇವೆ ಎಂದು ಕುಟುಕುವ ಫಲಕಗಳು. ಕತಾರಿನ ವಲಸೆ ಕಾರ್ಮಿಕರ ಬವಣೆಯ ಬಗ್ಗೆ ಕಣ್ಣೀರು. ತನ್ನ ಪಬ್ಬುಗಳಲ್ಲಿ ಮಾತ್ರ ಎಲ್ಲ ಪಂದ್ಯ ತೋರಿಸುವುದಂತೆ, ಅದರ ಬಿಯರು ಕತಾರಿನಲ್ಲೂ ಸಿಗುತ್ತಿತ್ತಂತೆ. ಬಡ್‌ವೈಸರಿನ ಚೇಷ್ಟೆಯನ್ನು ಬೇಕಾದರೆ ಸಹಿಸಬಹುದು. ಇನ್ನೊಬ್ಬರ ಸಂಕಟವನ್ನು ಬಾಟಲಿಗೆ ಲೇಬಲ್ ಮಾಡುವುದು ನನಗಂತೂ ಹೇಸಿಗೆ.

"ಅದೆಲ್ಲ ಬಿಡಿ ಮಾರಾಯ್ರೆ," ಡ್ರೈವರಿನ ದನಿ ಬದಲಾಗುತ್ತದೆ. "ನಮಗೆ ಹೇಳಿದ್ದು ಕೇಳಿದ್ರಾ?"

ಕೇಳಿದ್ದೀರಿ. ಹೋದ ವಾರ ಕಡಲದಂಡೆಯ ಕಾರ್ನಿಷ್‌ನಲ್ಲಿ ಡೋಲು ಬಡಿಯುತ್ತ, ಅರ್ಜೆಂಟೀನಾ, ಬ್ರೆಜಿಲ್, ಇಂಗ್ಲೆಂಡ್ ಜೆರ್ಸಿ ತೊಟ್ಟು ಸಾವಿರಾರು ಭಾರತೀಯರು ಮೆರವಣಿಗೆ ಹೋದರು. ವೀಡಿಯೊ ಯೂರೋಪು ಮುಟ್ಟಿದ್ದೇ ತಡ, ಇವರು ನಕಲಿ ಅಭಿಮಾನಿಗಳು, ಕತಾರ್ ದುಡ್ಡು ಕೊಟ್ಟು ಕುಣಿಸಿದ ಜನ ಎಂದು ಬೊಬ್ಬೆ. ಅನುಮಾನಕ್ಕೆ ಎಡೆ ಇರಲಿಲ್ಲವೆಂದಲ್ಲ. ವಿದೇಶಿ ಅಭಿಮಾನಿಗಳನ್ನು ಆರಿಸಿ, ಟಿಕೆಟು ಕೊಟ್ಟು ಕರೆಸುವ ಯೋಜನೆಯೊಂದು ನಿಜಕ್ಕೂ ಇತ್ತು. ಆದರೆ ಕೋಯಿಕ್ಕೋಡಿನ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ 30 ಅಡಿಯ ಮೆಸ್ಸಿ ಕಟೌಟನ್ನು ನಿಲ್ಲಿಸಿದ ಹುಡುಗರಿಗೆ ಯಾವ ಶೇಖ್ ಚೆಕ್ ಬರೆದಿದ್ದ?

"ಜೆರ್ಸಿ ನನ್ನ ಸಂಬಳದಲ್ಲಿ ತಕೊಂಡದ್ದು. ಡ್ಯೂಟಿ ಬಿಟ್ಟು ಹೋದದ್ದಕ್ಕೆ ಧಣಿ ಕಫೀಲನ ಬೈಗುಳ ಬೇರೆ."

"ನಿಂಗೆ ದುಡ್ಡು ಕೊಡ್ತಾರಂದ್ರೆ ನಾನೂ ಬರ್ತಿದ್ದೆ ಮೋನೆ," ಎನ್ನುತ್ತಾರೆ ಕಾಕ. ಡ್ರೈವರ್ ನಗುವುದಿಲ್ಲ.

ಶನಿವಾರ. ಅದೇ ಅಂಗಡಿ. ಫಿಫಾ ಅಧ್ಯಕ್ಷ ಇನ್‌ಫ್ಯಾಂಟಿನೋ ಪತ್ರಿಕಾಗೋಷ್ಠಿಯಲ್ಲಿ ತಾನು ಇಂದು ಕತಾರಿ, ಅರಬ, ವಲಸೆ ಕಾರ್ಮಿಕ ಎಂದೆಲ್ಲ ಹೇಳಿಕೊಂಡಿದ್ದಾರೆ. ದಿನಕ್ಕೆ ಮೂರು ಗಂಟೆ ಬಿಯರಿಲ್ಲದಿದ್ದರೆ ಯಾರೂ ಸಾಯುವುದಿಲ್ಲ ಎಂದಿದ್ದಾರೆ. ಭಾರತೀಯ ಮುಖದವರು ಇಂಗ್ಲೆಂಡಿಗೆ ಜೈ ಎನ್ನಬಾರದೆಂದರೆ ಅದು ಶುದ್ಧ ಜನಾಂಗದ್ವೇಷ ಎಂದೂ. ವಲಸೆ ಕಾರ್ಮಿಕನಾದ ಮಾತಿಗೆ ಅಂಗಡಿಯಲ್ಲಿ ಒಬ್ಬ ಕೆಮ್ಮುತ್ತಾನೆ.

ಅಷ್ಟರಲ್ಲಿ ಬಡ್‌ವೈಸರಿನ ಹೊಸ ಟ್ವೀಟು. ಗೋದಾಮಿನ ಚಾವಣಿ ಮುಟ್ಟುವಂತೆ ಪೇರಿಸಿಟ್ಟ ಬಿಯರು, ಕಪ್ ಗೆದ್ದ ದೇಶಕ್ಕೆ ಇದೆಲ್ಲ ಕೊಡುಗೆ ಎಂಬ ಸಾಲು. ನಿಷೇಧವನ್ನೇ ಜಾಹೀರಾತು ಮಾಡಿಕೊಂಡ ಜಾಣತನವನ್ನು ಜಾಹೀರಾತಿನವರು ಹೊಗಳಿದ್ದೇ ಹೊಗಳಿದ್ದು. ಡಿಸೆಂಬರ್ 18ರಂದು ಲುಸೈಲ್‌ನಲ್ಲಿ ಅರ್ಜೆಂಟೀನಾ ಗೆಲ್ಲುತ್ತದೆ, ಕೊಡುಗೆಯೂ ಆ ಲೆಕ್ಕಕ್ಕೇ ಸೇರುತ್ತದೆ. ಇವತ್ತಿಗೆ ಅದು ಯಾರಿಗೂ ಗೊತ್ತಿಲ್ಲ.

"ಮೆಸ್ಸಿ ಗೆದ್ರೆ ಗೋದಾಮು ಪೂರಾ ಅರ್ಜೆಂಟೀನಾಕ್ಕೆ," ಡ್ರೈವರ್ ಓದಿ ಹೇಳುತ್ತಾನೆ.

"ನಿನ್ನದೂ ಅದೇ ಟೀಮಲ್ವಾ, ಪಾಲು ಕೇಳು."

"ನಾನು ನಕಲಿ ಅಲ್ವಾ ಕಾಕ."