ಔರಸನೂ ದತ್ತಕನೂ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಿಚ್ಚಾಣಿಕೆದಾರರು ಗೂಡಿನ ಹೊಳಪನ್ನು ಕಂಡು ಮರುಳಾಗುವುದಿಲ್ಲ. ಹಿಡಿಯಷ್ಟು ಎತ್ತಿ, ಕಿವಿಯ ಬಳಿ ಕುಲುಕಿ, ಬೆರಳಿನಿಂದ ಅದುಮಿ ನೋಡಿದ ಮೇಲೆಯೇ ಬೆಲೆಯ ಮಾತು. ಹೀಗೆ ನಲವತ್ತು ವರ್ಷ ಗೂಡು ಕುಲುಕಿದ ವೃದ್ಧರೊಬ್ಬರಿಗೆ, ಮೊಮ್ಮಗಳ ವಿವಾಹದ ನಿಮಿತ್ತ, ಬೇರೊಂದು ಬಗೆಯ ಸರಕನ್ನು ಪರೀಕ್ಷಿಸಬೇಕಾಗಿ ಬಂದಿತು. ಬೀಗರು ಬೆಂಗಳೂರಿನವರು, ಮದುವೆಯು ದೊಡ್ಡ ಹೋಟೆಲಿನಲ್ಲಿಯೇ ನಡೆಯಬೇಕೆಂಬುದು ಅವರ ಅಪೇಕ್ಷೆ. ಅವರು ಸೂಚಿಸಿದುವು ಎರಡು: ನಂದಿಬೆಟ್ಟದ ಸಮೀಪ ಗಾಲ್ಫ್‌ಶೈರಿನಲ್ಲಿ 2022ರಲ್ಲಿ ತೆರೆದ ಜೆ. ಡಬ್ಲ್ಯೂ. ಮ್ಯಾರಿಯಟ್, ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 2013ರಲ್ಲಿ ತೆರೆದ ರಿಟ್ಜ್-ಕಾರ್ಲ್‌ಟನ್. ಎರಡೂ ಮ್ಯಾರಿಯಟ್ ಸಂಸ್ಥೆಗೆ ಸೇರಿದುವೆಂದು ತಿಳಿದಾಗ ವೃದ್ಧರು, “ಒಂದೇ ಚಂದ್ರಿಕೆಯ ಗೂಡಿಗೆ ಎರಡು ಹೆಸರೇಕೆ?” ಎಂದರು.

ಪ್ರಶ್ನೆಯು ಉಚಿತವಾದುದೇ. 1927ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ವಿಲರ್ಡ್ ಮ್ಯಾರಿಯಟ್ ಎಂಬಾತನು ತೆರೆದ ಪಾನೀಯದ ಸಣ್ಣ ಅಂಗಡಿಯೇ ಈ ಸಂಸ್ಥೆಯ ಮೂಲ. ಅದರ ಮೊದಲ ಹೋಟೆಲು 1957ರದು. ಸ್ಥಾಪಕನ ಹೆಸರಿನ ಮೊದಲಕ್ಷರಗಳನ್ನು ಧರಿಸಿದ ಜೆ. ಡಬ್ಲ್ಯೂ. ಶಾಖೆಯು 1984ರಲ್ಲಿ ಜನಿಸಿತು, ಇದು ಔರಸಪುತ್ರ. ರಿಟ್ಜ್-ಕಾರ್ಲ್‌ಟನ್ನಾದರೋ ಬೇರೆ ಮನೆಯಲ್ಲಿ ಬೆಳೆದು ಕೀರ್ತಿ ಪಡೆದುದು, 1995ರಲ್ಲಿ ಮ್ಯಾರಿಯಟ್ ಅದರ ನೂರಕ್ಕೆ 49 ಪಾಲನ್ನು ಕೊಂಡು ಬಳಿಕ ಪೂರ್ತಿಯಾಗಿ ವಶಮಾಡಿಕೊಂಡಿತು, ಇದು ದತ್ತಕ. ದತ್ತಕನಿಗೆ ಕುಲ ಬದಲಾದರೂ ಶೀಲ ಬದಲಾಗಲಿಲ್ಲ. 2016ರಲ್ಲಿ ಸ್ಟಾರ್‌ವುಡ್ ಸಂಸ್ಥೆಯನ್ನು ಕೊಂಡಾಗ ಸೇಂಟ್ ರೀಜಿಸ್ ಮೊದಲಾದ ಮತ್ತೊಂದು ಕುಟುಂಬವೇ ಬಂದು ಸೇರಿತು. ಇಂಥ ಹೋಟೆಲುಗಳಲ್ಲಿ ಕಟ್ಟಡವು ಬಹುಮಟ್ಟಿಗೆ ಬೇರೊಬ್ಬರದು. ಸಂಸ್ಥೆಯು ಕೊಡುವುದು ಹೆಸರನ್ನೂ ಆಡಳಿತವನ್ನೂ ಮಾತ್ರ.

ವೃದ್ಧರು ಎರಡನ್ನೂ ನೋಡಿ ಬಂದರು. ಔರಸನಲ್ಲಿ ವಿಶಾಲವಾದ ಹಸುರು, ಬೆಟ್ಟದ ನೋಟ, ಆತುರವಿಲ್ಲದ ವಿಶ್ರಾಂತಿ. ದತ್ತಕನಲ್ಲಿ ಮಿತವಾದ ಸ್ಥಳ, ಅಮಿತವಾದ ಉಪಚಾರ. ಅತಿಥಿಯ ತೊಂದರೆಯನ್ನು ನೀಗಿಸಲು ಮೇಲಧಿಕಾರಿಯನ್ನು ಕೇಳದೆ 2000 ಡಾಲರಿನವರೆಗೆ ವೆಚ್ಚಮಾಡುವ ಸ್ವಾತಂತ್ರ್ಯವು ಆ ಮನೆಯ ನೌಕರರಿಗುಂಟೆಂಬುದು ಲೋಕಪ್ರಸಿದ್ಧ. ಬಡಿಸುವವನೂ ಉಣ್ಣುವವನೂ ಸಮಾನ ಮರ್ಯಾದೆಗೆ ಅರ್ಹರೆಂಬುದು ಅದರ ಸೂತ್ರ. ನೀರು ತಂದಿತ್ತ ತರುಣನು, “ನಮ್ಮದು ಚಿಂತಾಮಣಿ ಕಡೆ, ತಾತ” ಎಂದಾಗ ವೃದ್ಧರು ಲೋಟವನ್ನು ಹಿಡಿದು ಬಹಳ ಹೊತ್ತು ಸುಮ್ಮನಿದ್ದರು.

ಯಾವುದೊಂದನ್ನು ಆರಿಸಿದರೂ ಎರಡೆಕರೆ ಹಿಪ್ಪುನೇರಳೆಯ ತೋಟವನ್ನು ಮಾರಬೇಕಾಗಿತ್ತು. ಮನೆಯಲ್ಲಿ ಮೂರು ದಿನ ವಾದ ನಡೆಯಿತು. “ಮೆರೆತವನ್ನು ಕೊಳ್ಳಲು ಹಣ ಬೇಕು, ಮರ್ಯಾದೆಯನ್ನು ಕೊಡಲು ಏನು ಬೇಕು?” ಎಂದು ಕೇಳಿ ವೃದ್ಧರು ಎದ್ದರು. ಮೊಮ್ಮಗಳು ತಾತನ ಪಕ್ಷವನ್ನು ಹಿಡಿದಳು.

ಮದುವೆಯು ಊರಿನ ಕಲ್ಯಾಣಮಂಟಪದಲ್ಲಿಯೇ ಆಯಿತು. ಆದರೆ ವಾಡಿಕೆಯೊಂದು ತಲೆಕೆಳಗಾಯಿತು. ಕಡೆಯಲ್ಲಿ ಉಳಿದುದನ್ನು ಉಣ್ಣುತ್ತಿದ್ದ ಅಡಿಗೆಯವರನ್ನೂ ಪಾತ್ರೆ ತೊಳೆಯುವವರನ್ನೂ ಎಲೆ ಎತ್ತುವವರನ್ನೂ ಮೊದಲ ಪಂಕ್ತಿಯಲ್ಲಿ ಕೂರಿಸಿ, ಮನೆಯವರೇ ನಿಂತು ಬಡಿಸಿದರು. ತುಪ್ಪದ ಗಿಂಡಿ ವೃದ್ಧರ ಕೈಯಲ್ಲಿದ್ದಿತು.

ಬೀಗರ ಮುನಿಸು ಇನ್ನೂ ಪೂರ್ತಿಯಾಗಿ ಇಳಿದಿಲ್ಲ. ತೋಟದಲ್ಲಿ ಹೊಸ ಸೊಪ್ಪು ಚಿಗುರಿದೆ.